ಮೇಜಿನ ಒಂದು ಮೂಲೆ
(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಗಿಂಡಿ ಎಂದರೆ ನಮ್ಮ ಕನ್ನಡದಲ್ಲಿ ಕೊಕ್ಕಿರುವ ಸಣ್ಣ ನೀರಿನ ಪಾತ್ರೆ. ಊರಿನಿಂದ ಹೊಸದಾಗಿ ಬಂದವರು ರೈಲ್ವೆ ನಿಲ್ದಾಣದ ಬೋರ್ಡು ಓದಿ ನಗುವುದುಂಟು. ಪಾತ್ರೆ ಚಿಕ್ಕದು, ಅದರೊಳಗೆ ಬಂದು ಸೇರಿದವರು ಮಾತ್ರ ಲೆಕ್ಕವಿಲ್ಲ. ಇಷ್ಟು ಜನಕ್ಕೆ ಮಲಗುವುದಕ್ಕೆ ಜಾಗ ಹೇಗೋ ಸಿಕ್ಕಿದೆ. ಕುಳಿತು ಕೆಲಸ ಮಾಡುವುದಕ್ಕೆ ಜಾಗವೆಲ್ಲಿ ಎಂಬುದೇ ಈ ದಿನದ ವಿಷಯ.

ವಿಷಯ ಎಲ್ಲಿಂದ ಎದ್ದಿತು ಎಂಬುದು ತಮಗೆ ಗೊತ್ತಿದೆ. ನಮ್ಮ ವಾಚನಾಲಯದ ಸಲಹಾ ಪುಸ್ತಕದಲ್ಲಿ ಒಬ್ಬ ಹಿರಿಯರು ಹೀಗೆ ಬರೆದಿದ್ದಾರೆ: ವಾರದ ದಿನಗಳಲ್ಲಿ ಹಿಂದಿನ ಉದ್ದ ಮೇಜನ್ನು ಲ್ಯಾಪ್‌ಟಾಪಿನವರು ಹಿಡಿದುಕೊಂಡಿರುತ್ತಾರೆ, ಇದು ವಾಚನಾಲಯವೋ ಕಚೇರಿಯೋ? ಅದರ ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಬ್ಬರು, ನಮಗೆ ಬೇರೆ ಜಾಗವಿಲ್ಲ ಸ್ವಾಮಿ, ಎಂದು ಬರೆದಿದ್ದಾರೆ. ಇಬ್ಬರ ಮಾತೂ ನಿಜ. ಬರುವ ಸಮಿತಿ ಸಭೆಯಲ್ಲಿ ಇದನ್ನು ತೀರ್ಮಾನಿಸಬೇಕಾಗಿದೆ. ಅದಕ್ಕೆ ಮುಂಚೆ ತಮ್ಮೆದುರು ನಾಲ್ಕು ಮಾತು ಆಡೋಣವೆಂದು ನಿಂತಿದ್ದೇವೆ. ನಾವು ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುವವರು, ಓದಿದ್ದು ಹತ್ತನೆಯ ತರಗತಿಯವರೆಗೆ. ಭಾಷಣದ ಅಭ್ಯಾಸ ಕಡಿಮೆ. ತಪ್ಪಿದ್ದರೆ ಕೊನೆಯಲ್ಲಿ ತಿದ್ದಿರಿ.

ಮೊದಲು ಆ ಮೇಜಿಗೆ ಬರುವವರು ಯಾರು? ಹೆಸರು ಬೇಡ, ಕೆಲಸ ಹೇಳುತ್ತೇವೆ. ಒಬ್ಬ ತಾಯಿ ಮೂರು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದುಕೊಡುತ್ತಾರೆ. ಮನೆ ಒಂದೇ ಕೋಣೆ, ರಾತ್ರಿ ಪಾಳಿಯ ಗಂಡ ಹಗಲು ಅಲ್ಲೇ ಮಲಗಬೇಕು. ರಾಯಚೂರು ಕಡೆಯ ಒಬ್ಬ ಹುಡುಗ ಬೆಂಗಳೂರಿನ ಕಂಪನಿಯೊಂದಕ್ಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾನೆ. ಆರು ಜನರ ಪಿ.ಜಿ. ಕೋಣೆಯಲ್ಲಿ ಅವನ ಪಾಲಿನದು ಒಂದು ಮಂಚ, ಆ ಮಂಚವೇ ಅವನ ಆಫೀಸು. ನಕ್ಷೆ ಬರೆಯುವವನೊಬ್ಬನಿದ್ದಾನೆ, ಕರಡು ತಿದ್ದುವ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಇವರೆಲ್ಲ ಸೋಮಾರಿಗಳಲ್ಲ, ಷೋಕಿಗೆ ಬಂದವರೂ ಅಲ್ಲ. ನಮಗೆ ಮಿಲ್ಲಿನವರು ಒಂದು ಮೇಜು, ಒಂದು ಫ್ಯಾನು, ಕುಡಿಯುವ ನೀರು ಕೊಟ್ಟಿದ್ದಾರೆ. ಅದನ್ನು ಸಂಬಳದ ಜೊತೆ ಲೆಕ್ಕಕ್ಕೆ ಹಿಡಿಯುವುದನ್ನೇ ನಾವು ಮರೆತಿದ್ದೇವೆ. ಇವರಿಗೆ ಆ ಮೂರನ್ನೂ ಕೊಡುವವರಿಲ್ಲ.

ಇದೇನು ಹೊಸ ಕಾಲದ ಪಿಡುಗು ಎಂದು ಕೆಲವರು ಹೇಳುತ್ತಾರೆ. ಗಿಂಡಿಯಲ್ಲಿ ನಿಂತು ಹಾಗೆ ಹೇಳಬಾರದು. ದೇಶದಲ್ಲಿ ಮೊದಮೊದಲು ಎದ್ದ ಕೈಗಾರಿಕಾ ವಸಾಹತುಗಳಲ್ಲಿ ನಮ್ಮ ಗಿಂಡಿಯದೂ ಒಂದು. 1958ರಲ್ಲಿ ಅದು ಪ್ರಾರಂಭವಾದಾಗ ಕಾಮರಾಜರು ಮುಖ್ಯಮಂತ್ರಿಗಳು, ಆರ್. ವೆಂಕಟರಾಮನ್ ಅವರು ಕೈಗಾರಿಕಾ ಸಚಿವರು. ಅದರ ಹಿಂದಿನ ಯೋಚನೆ ಏನು? ಕೈಯಲ್ಲಿ ಕಸುಬಿದ್ದವನಿಗೆ ಕಟ್ಟಡ ಕಟ್ಟಿಸುವ ಶಕ್ತಿಯಿಲ್ಲ. ಹಾಗಾದರೆ ಶೆಡ್ಡನ್ನು ಸರ್ಕಾರ ಕಟ್ಟಲಿ. ರಸ್ತೆ, ನೀರು, ವಿದ್ಯುತ್ತು ಎಲ್ಲರಿಗೂ ಸೇರಿ ಒಂದೇ ಕಡೆ ಬರಲಿ. ಅವನು ತನ್ನ ಲೇತು ತಂದು ಕೂರಿಸಿಕೊಳ್ಳಲಿ. ಒಬ್ಬನಿಗೆ ಭಾರವಾದದ್ದು ನೂರು ಜನಕ್ಕೆ ಹಂಚಿದರೆ ಹಗುರ ಎಂಬ ಲೆಕ್ಕ. ಅಂದಿನ ಲೇತಿನ ಬದಲು ಇಂದು ಲ್ಯಾಪ್‌ಟಾಪು ಬಂದಿದೆ, ಅಷ್ಟೆ. ಇನ್ನೊಂದು ಮಾತು ಕೇಳಿ. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಕಾರ್ಖಾನೆ ಇದ್ದದ್ದು ಇದೇ ಗಿಂಡಿಯಲ್ಲಿ. ಇಲ್ಲಿ ಬೆರಳಿನಿಂದ ಒತ್ತಿದರೆ ಇನ್ನೊಂದೂರಿನಲ್ಲಿ ಅಕ್ಷರ ಮೂಡುವ ಯಂತ್ರ ಅದು. ದೂರದ ಕಚೇರಿಗೆ ಇಲ್ಲಿಂದಲೇ ಕೆಲಸ ಕಳಿಸುವುದು ಈ ನೆಲಕ್ಕೆ ಹೊಸದಲ್ಲ. ಈಗ ಆ ವಸಾಹತಿನ ಎಷ್ಟೋ ಶೆಡ್ಡುಗಳಿದ್ದ ಕಡೆ ಗಾಜಿನ ಕಟ್ಟಡಗಳೆದ್ದಿವೆ. ಅವುಗಳ ಒಳಗೆ ಕುರ್ಚಿಯೊಂದನ್ನು ತಿಂಗಳ ಬಾಡಿಗೆಗೆ ಕೊಡುವ ವ್ಯಾಪಾರವೂ ನಡೆಯುತ್ತಿದೆ. ಬಾಡಿಗೆ ಸಾವಿರಗಳಲ್ಲಿ, ನಮ್ಮ ಮೇಜಿನ ಜನಕ್ಕೆ ಅದು ಹೊರಗಿನಿಂದ ನೋಡುವುದಕ್ಕಷ್ಟೆ.

ನಮ್ಮವರೇ ಈ ಪಟ್ಟಣಕ್ಕೆ ಇಂಥ ಒಂದು ಜಾಗವನ್ನು ಕೊಟ್ಟಿದ್ದರೆಂಬುದನ್ನು ಹೇಳದೆ ಮುಂದೆ ಹೋಗಲಾರೆವು. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ್ದು ತಮಗೆಲ್ಲ ಗೊತ್ತು. 1962ರಲ್ಲಿ ಅವರು ಕತೀಡ್ರಲ್ ರಸ್ತೆಯಲ್ಲಿ ಮರಗಳ ನಡುವೆ ಡ್ರೈವ್-ಇನ್ ಹೋಟೆಲು ತೆರೆದರು. ಕಾರಿನಲ್ಲೇ ಕುಳಿತು ತಿನ್ನುವವರಿಗಾಗಿ ಎಂದು ತೆರೆದದ್ದು. ಆದರೆ ಅಲ್ಲಿ ಬಂದು ಕೂತವರು ಯಾರು? ಔಷಧ ಕಂಪನಿಗಳ ಪ್ರತಿನಿಧಿಗಳು, ಇನ್ಷೂರೆನ್ಸ್ ಏಜೆಂಟರು, ಸಿನಿಮಾ ಕಥೆ ಬರೆಯುವವರು. ಬೆಳಗ್ಗೆ ಬ್ಯಾಗು ಹಿಡಿದು ಬರುವುದು, ಒಂದು ಇಡ್ಲಿ, ಒಂದು ಕಾಫಿ, ಆಮೇಲೆ ಅಲ್ಲೇ ರಿಪೋರ್ಟು ಬರೆಯುವುದು, ಯಾವ ಡಾಕ್ಟರರನ್ನು ಯಾರು ನೋಡಬೇಕೆಂದು ಮಾತಾಡಿಕೊಳ್ಳುವುದು. ಗಂಟೆಗಟ್ಟಲೆ ಕುಳಿತರೂ ಏಳಿ ಎನ್ನುವವರಿಲ್ಲ ಎಂದು ಹಳಬರು ಇಂದಿಗೂ ನೆನೆಯುತ್ತಾರೆ. ಕಚೇರಿಯಿಲ್ಲದ ನೂರಾರು ಜನಕ್ಕೆ ಅದೇ ಕಚೇರಿ. ಅದು ಸರ್ಕಾರದ ಜಮೀನೆಂದು ವ್ಯಾಜ್ಯ ನಡೆದು 2008ರಲ್ಲಿ ಹೋಟೆಲು ಮುಚ್ಚಿತು; 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಉದ್ಯಾನ ಚೆನ್ನಾಗಿದೆ, ಹೂವೂ ಚೆನ್ನಾಗಿವೆ. ಆದರೆ ಆ ಬ್ಯಾಗಿನವರೆಲ್ಲ ಎಲ್ಲಿಗೆ ಹೋದರೋ ಯಾರೂ ಕೇಳಲಿಲ್ಲ.

ಹೊರದೇಶದಲ್ಲಿ ಇದಕ್ಕೆ ಕೋ-ವರ್ಕಿಂಗ್ ಎಂಬ ಹೆಸರು ನಿಂತದ್ದು 2005ರಿಂದೀಚೆಗೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ವಾರಕ್ಕೆ ಎರಡು ದಿನ ಒಂದು ಜಾಗವನ್ನು ಬಾಡಿಗೆಗೆ ಹಿಡಿದು, ಒಂಟಿಯಾಗಿ ದುಡಿಯುವವರು ಬನ್ನಿ ಎಂದು ಕರೆದ. ಮೊದಲ ತಿಂಗಳು ಒಬ್ಬರೂ ಬರಲಿಲ್ಲವಂತೆ. ನಮ್ಮಲ್ಲಿ ಕರೆಯದೆಯೇ ಬಂದಿದ್ದಾರೆ. ಇದನ್ನು ಸಮಿತಿಯವರು ಗಮನಿಸಬೇಕು. ಆಮೇಲೆ ದೊಡ್ಡ ಬಂಡವಾಳದವರು ಈ ವ್ಯಾಪಾರಕ್ಕೆ ಇಳಿದರು. ವೀವರ್ಕ್ ಎಂಬ ಜಗತ್ಪ್ರಸಿದ್ಧ ಕಂಪನಿ 2010ರಲ್ಲಿ ಹುಟ್ಟಿ, 2023ರಲ್ಲಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಕಥೆ ನಮಗೆ ಬೇಡ.

ನಮಗೆ ಬೇಕಾದದ್ದು ಕೊಳತ್ತೂರಿನದು. 2024ರ ನವೆಂಬರಿನಲ್ಲಿ ಅಲ್ಲಿ ಮುದಲ್ವರ್ ಪಡೈಪ್ಪಗಂ ಎಂಬ ಸರ್ಕಾರಿ ಕೇಂದ್ರ ತೆರೆಯಿತು. ಒಂದೇ ಕಟ್ಟಡದಲ್ಲಿ ಒಂದು ಅಂತಸ್ತು ದುಡಿಯುವವರಿಗೆ, ಇನ್ನೊಂದು ಅಂತಸ್ತು ಪರೀಕ್ಷೆಗೆ ಓದುವವರಿಗೆ, ಅದರ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದಕ್ಕೆ ಜಾಗ. ಪ್ರಾರಂಭದಲ್ಲಿ ಇಟ್ಟ ದರ ದುಡಿಯುವವರಿಗೆ ಅರ್ಧ ದಿನಕ್ಕೆ 50 ರೂಪಾಯಿ, ಪೂರ್ತಿ ದಿನಕ್ಕೆ 100 ರೂಪಾಯಿ. ಓದುವವರಿಗೆ ಅದಕ್ಕಿಂತ ಬಹಳ ಕಡಿಮೆ. ಓದು ಮತ್ತು ದುಡಿಮೆ ಒಂದೇ ಸೂರಿನಡಿ ಜಗಳವಿಲ್ಲದೆ ಇರಬಹುದೆಂಬುದಕ್ಕೆ ಅದು ಸಾಕ್ಷಿ. ಆದರೆ ಗಿಂಡಿಯಿಂದ ಕೊಳತ್ತೂರಿಗೆ ಹೋಗಬೇಕಾದರೆ ಊರಿನ ಈ ತುದಿಯಿಂದ ಆ ತುದಿಗೆ ಹೋದ ಹಾಗೆ. ದಿನದ ಬಸ್ಸಿನ ಹೊತ್ತಿನಲ್ಲೇ ಅರ್ಧ ಕೆಲಸ ಮುಗಿದುಹೋಗುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇವೆ. ಜಾಗದ ಪ್ರಶ್ನೆ ಬರೀ ಫ್ಯಾನು, ಕುರ್ಚಿಯದಲ್ಲ. ನಮ್ಮ ಕೈಗಾರಿಕಾ ವಸಾಹತಿಗೆ ತಿರು.ವಿ.ಕ. ಅವರ ಹೆಸರಿಟ್ಟಿದ್ದಾರೆ. ಅವರು ತಮಿಳಿನ ದೊಡ್ಡ ವಿದ್ವಾಂಸರು. 1918ರ ಏಪ್ರಿಲಿನಲ್ಲಿ ಬಿ.ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾದಾಗ ಜೊತೆಗೆ ನಿಂತವರು. ಆ ಯೂನಿಯನ್ ಹೇಗೆ ಹುಟ್ಟಿತು? ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳ ಕಾರ್ಮಿಕರು ಸಂಜೆ ಒಂದು ಧಾರ್ಮಿಕ ಸಭೆಗೆ ಪ್ರವಚನ ಕೇಳಲು ಹೋಗುತ್ತಿದ್ದರು. ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಎಂಬ ಇಬ್ಬರು ವ್ಯಾಪಾರಿಗಳು ಅದನ್ನು ನಡೆಸುತ್ತಿದ್ದರು. ಪ್ರವಚನ ಕೇಳಿ ಎದ್ದವರು ಊಟದ ಬಿಡುವು ಸಾಲದೆಂಬ ಕಷ್ಟ ಹೇಳಿಕೊಂಡರು. ಒಬ್ಬನ ಕಷ್ಟ ಎಲ್ಲರದೂ ಎಂದು ಅಲ್ಲಿ ತಿಳಿಯಿತು. ದೇವರ ಕಥೆಗೆ ಹಾಸಿದ ಜಮಖಾನದ ಮೇಲೆ ಕೂಲಿಯ ಮಾತು ಹುಟ್ಟಿತು. ಆ ಮಿಲ್ಲುಗಳು 1996ರಲ್ಲಿ ಮುಚ್ಚಿದವು. ಮಿಲ್ಲು ಹೋದರೂ ಆ ಮಾತು ಉಳಿದಿದೆ.

ಮಂಚದ ಮೇಲೆ ಒಬ್ಬನೇ ಕುಳಿತು ದುಡಿಯುವವನಿಗೆ ಗೇಟಿಲ್ಲ, ಪಾಳಿಯ ಸೈರನ್ನಿಲ್ಲ, ಪಕ್ಕದ ಮೇಜಿಲ್ಲ. ಪಕ್ಕದವನಿಗೆ ಎಷ್ಟು ಸಿಗುತ್ತದೆಂದು ಅವನಿಗೆ ತಿಳಿಯುವುದು ಹೇಗೆ? ನಮ್ಮ ಹಿಂದಿನ ಮೇಜಿನಲ್ಲೇ ನಡೆದದ್ದನ್ನು ಹೇಳುತ್ತೇವೆ. ಇಬ್ಬರು ಒಂದೇ ಬಗೆಯ ಅನುವಾದ ಮಾಡುವವರು. ಟೀ ಕುಡಿಯುವಾಗ ಮಾತು ಬಂದು, ಒಬ್ಬನಿಗೆ ಪುಟಕ್ಕೆ 100 ರೂಪಾಯಿ, ಆ ಹೆಣ್ಣುಮಗಳಿಗೆ 60 ಎಂದು ಹೊರಬಿತ್ತು. ಕೆಲಸ ಕೊಡುವವರು ಒಬ್ಬರೇ. ಆಕೆ ಮಾರನೆಯ ದಿನ ಪತ್ರ ಬರೆದು 90ಕ್ಕೆ ಒಪ್ಪಿಸಿದರು. ಪೂರ್ತಿ 100 ಏಕಿಲ್ಲ ಎಂದು ತಾವು ಕೇಳಬಹುದು. ನಾವೂ ಕೇಳಿದೆವು, ಅವರು ನಕ್ಕರು. ಯಾವ ಗಾಜಿನ ಕಟ್ಟಡದ ಬಾಡಿಗೆ ಕುರ್ಚಿಯಲ್ಲಿ ಕುಳಿತಿದ್ದರೂ ಈ ಮಾತು ಬರುತ್ತಿತ್ತೋ ಇಲ್ಲವೋ. ಕನ್ನಡದಲ್ಲಿ ಮಾತಾಡಿಕೊಂಡದ್ದರಿಂದ ಬಂತು ಎಂದು ನಮ್ಮ ಎಣಿಕೆ.

ಈಗ ಆಕ್ಷೇಪಣೆಗಳು. ಮೊದಲನೆಯದು ಸದ್ದು. ಇದರಲ್ಲಿ ಹಿರಿಯರ ಪಕ್ಷವೇ ಸರಿ. ಫೋನಿನಲ್ಲಿ ಮಾತಾಡುವವರು ವರಾಂಡಕ್ಕೆ ಹೋಗಲೇಬೇಕು. ಮೀಟಿಂಗು ಎಂದು ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಒದರುವವರಿಗೆ ನಮ್ಮಲ್ಲಿ ಜಾಗವಿಲ್ಲ. ಪತ್ರಿಕೆಯ ಹಾಳೆ ತಿರುಗಿಸುವ ಸದ್ದಿಗಿಂತ ದೊಡ್ಡ ಸದ್ದು ಒಳಗೆ ಆಗಕೂಡದು.

ಎರಡನೆಯದು ಕರೆಂಟು. ಗುಮಾಸ್ತರಾದ್ದರಿಂದ ಇದನ್ನು ಲೆಕ್ಕ ಹಾಕಿಯೇ ಬಂದಿದ್ದೇವೆ. ಒಂದು ಲ್ಯಾಪ್‌ಟಾಪು ಹೆಚ್ಚೆಂದರೆ 60 ವಾಟು ಎಂದು ಹಿಡಿಯೋಣ. 8 ಗಂಟೆಗೆ 480, ಎಂದರೆ ಅರ್ಧ ಯೂನಿಟ್ಟು. ನಾಲ್ವರಿಗೆ ದಿನಕ್ಕೆ ಎರಡು ಯೂನಿಟ್ಟು, ತಿಂಗಳಿಗೆ 25 ದಿನದಂತೆ 50 ಯೂನಿಟ್ಟು. ಫ್ಯಾನುಗಳು ಹೇಗೂ ಓದುವವರಿಗೆ ತಿರುಗುತ್ತಲೇ ಇವೆ. ಆದರೆ ಯಾರೋ ಉತ್ಸಾಹಿಗಳು ಏ.ಸಿ. ಹಾಕಿಸೋಣ ಎಂದರು. ಅದಕ್ಕೆ ಮಾತ್ರ ನಮ್ಮ ವಿರೋಧವಿದೆ. ಒಂದೂವರೆ ಟನ್ನಿನ ಏ.ಸಿ. ಗಂಟೆಗೆ ಒಂದು ಯೂನಿಟ್ಟಿನ ಮೇಲೆಯೇ ತಿನ್ನುತ್ತದೆ. ನಾಲ್ಕು ಲ್ಯಾಪ್‌ಟಾಪುಗಳು ಇಡೀ ದಿನ ತಿಂದದ್ದನ್ನು ಅದು ಎರಡು ಗಂಟೆಯೊಳಗೆ ಮುಗಿಸಿಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಹಣ ತೆಗೆದುಕೊಂಡರೆ ಉಚಿತ ವಾಚನಾಲಯ ಎಂಬ ಹೆಸರು ಉಳಿಯುವುದೆ? ತೆಗೆದುಕೊಳ್ಳದಿದ್ದರೆ ಬಿಲ್ಲು ಕಟ್ಟುವವರು ಯಾರು? ನಮ್ಮ ಅಭಿಪ್ರಾಯ ಇಷ್ಟು: ಕುರ್ಚಿಗೆ ಬೆಲೆ ಕಟ್ಟಬಾರದು. ಇಂದು ಹಿಂದಿನ ಮೇಜಿನ ಕುರ್ಚಿಗೆ ಬೆಲೆ ಕಟ್ಟಿದರೆ ನಾಳೆ ಮುಂದಿನ ಮೇಜಿನದಕ್ಕೂ ಬರುತ್ತದೆ; ಪತ್ರಿಕೆ ನೋಡಲು ಬರುವ ಕಟ್ಟಡದ ಕೂಲಿಯವನು ಬಾಗಿಲಲ್ಲೇ ನಿಲ್ಲುತ್ತಾನೆ. ಆದರೆ ಪ್ಲಗ್ಗಿಗೆ ತಂತಿ ಚುಚ್ಚಿದವರು ಆ 50 ಯೂನಿಟ್ಟಿನ ಪಾಲನ್ನು ಕಟ್ಟಲಿ. ಬಿಲ್ಲನ್ನು ಗೋಡೆಗೆ ಅಂಟಿಸೋಣ, ಪಾಲೆಷ್ಟೆಂದು ಎಲ್ಲರಿಗೂ ಕಾಣಲಿ. ಕೆಲಸವಿಲ್ಲದ ತಿಂಗಳು ಕೊಡಲಾರದವರಿಗೆ ಖಜಾಂಚಿಗಳು ವಿನಾಯಿತಿ ಕೊಡಲಿ, ಕಾರಣ ಕೇಳದೆ ಕೊಡಲಿ.

ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ಆದ್ದರಿಂದ ನಾವೇ ಎತ್ತುತ್ತೇವೆ. ಹಿಂದುಗಡೆಯ ಶೌಚಾಲಯದ ಬಾಗಿಲಿಗೆ ಒಳಚಿಲಕ ಸರಿಯಿಲ್ಲ, ದೀಪವಿಲ್ಲ. ಲೆಕ್ಕ ಬರೆಯುವ ಆ ತಾಯಿ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲವೆಂದು ನಮ್ಮ ಮನೆಯಾಕೆಯ ಹತ್ತಿರ ಹೇಳಿದರಂತೆ. ಮೇಜಿನ ಚರ್ಚೆ ಏನಾದರೂ ಆಗಲಿ, ಇದನ್ನು ಈ ವಾರವೇ ಸರಿಪಡಿಸಬೇಕು. ಓದುವುದಕ್ಕೆ ಬರುವ ಹೆಣ್ಣುಮಕ್ಕಳು ಏಕೆ ಕಡಿಮೆ ಎಂದು ವರ್ಷವರ್ಷವೂ ವರದಿಯಲ್ಲಿ ಬರೆಯುತ್ತೇವಲ್ಲ, ಅದಕ್ಕೂ ಉತ್ತರ ಅಲ್ಲೇ ಇರಬಹುದು.

2015ರ ಡಿಸೆಂಬರಿನಲ್ಲಿ ಅಡ್ಯಾರು ಹೊಳೆ ಉಕ್ಕಿದ್ದು, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ವೇಳಚೇರಿಯ ಕಡೆ ದಿನಗಟ್ಟಲೆ ಕರೆಂಟು, ಫೋನು ಇಲ್ಲದೆ ಹೋದದ್ದು ನಮ್ಮಲ್ಲಿ ಬಹುಮಂದಿ ಕಂಡಿದ್ದಾರೆ. ಮನೆಯಿಂದ ದುಡಿಯುವವನಿಗೆ ಅಂಥ ದಿನ ಮನೆಯೂ ಹೋಯಿತು, ಆಫೀಸೂ ಹೋಯಿತು. ಮಳೆಗಾಲದ ಮಟ್ಟಿಗೆ ನಮ್ಮ ಮಾಳಿಗೆಯ ಕೋಣೆಯನ್ನು ಇಂಥವರಿಗೆ ರಾತ್ರಿಯೂ ತೆರೆದಿಡಬಹುದೆ ಎಂಬುದನ್ನು ಮನೆ ಮಾಲೀಕರ ಹತ್ತಿರ ಕೇಳಬೇಕು; ಅಧ್ಯಕ್ಷರು ಕೇಳಿದರೆ ಇಲ್ಲವೆನ್ನಲಾರರು.

ಆದ್ದರಿಂದ ಸಮಿತಿಯ ಮುಂದೆ ನಾವಿಡುವ ಸೂಚನೆ ಹೀಗಿದೆ. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಹಿಂದಿನ ಮೇಜು ದುಡಿಯುವವರಿಗೆ. 5 ಗಂಟೆಗೆ ಪಾಳಿ ಬಿಟ್ಟು ಬರುವವರಿಗೆ ಅದು ಖಾಲಿಯಾಗಿ, ಒರೆಸಿ ಸಿಗಬೇಕು. ಒರೆಸುವುದು ಕುಳಿತವರ ಕೆಲಸ. ಭಾನುವಾರ ಎಂದಿನಂತೆ ಪೂರ್ತಿ ಓದುವವರದು. ಮುಂದಿನ ಎರಡು ಮೇಜುಗಳಿಗೆ, ಪತ್ರಿಕೆಯ ಸ್ಟ್ಯಾಂಡಿಗೆ ಯಾರೂ ಕೈಹಚ್ಚಕೂಡದು. ಮೂರು ತಿಂಗಳು ಹೀಗೆ ನಡೆಸಿ, ಸಲಹಾ ಪುಸ್ತಕದಲ್ಲಿ ಏನು ಬರೆದಿದ್ದಾರೆಂದು ನೋಡಿ ಮತ್ತೆ ಕೂಡೋಣ. ಸಲಹೆ ಬರೆದ ಹಿರಿಯರನ್ನೂ ಅಂದು ಕರೆಯೋಣ.

ಒಂದು ತೊಡಕಿದೆ. ಪ್ಲಗ್ಗಿನ ಬೋರ್ಡು ಈಗ ಮುಂದಿನ ಗೋಡೆಯಲ್ಲಿದೆ. ತಂತಿ ನೆಲದ ಮೇಲೆ ಹಾದುಹೋಗುವುದರಿಂದ ಮೊನ್ನೆ ಒಬ್ಬ ವೃದ್ಧರು ಎಡವಿದರು. ಅದನ್ನು ಹಿಂದಿನ ಗೋಡೆಗೆ ಸಾಗಿಸಬೇಕು. ಎಲೆಕ್ಟ್ರಿಷಿಯನ್ ಕೆಲಸ ಬಲ್ಲ ಸದಸ್ಯರು ಇಬ್ಬರಿದ್ದಾರೆ, ಸಾಮಾನು ತಂದುಕೊಟ್ಟರೆ ಕೂಲಿಯಿಲ್ಲದೆ ಮಾಡಿಕೊಡುತ್ತೇವೆಂದಿದ್ದಾರೆ. ಸಾಮಾನಿನ ಚೀಟಿ ಖಜಾಂಚಿಗಳ ಕೈಯಲ್ಲಿದೆ.