ಮನೆಯಲ್ಲಿ ಕ್ಯಾನ್ಸರ್ ರೋಗಿಯ ಶುಶ್ರೂಷೆ

ಕ್ಯಾನ್ಸರ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದೊಡ್ಡ ಆಸ್ಪತ್ರೆ, ಬಿಳಿಯ ಹಾಸಿಗೆ, ತೊಟ್ಟು ತೊಟ್ಟಾಗಿ ನರಕ್ಕಿಳಿಯುವ ಔಷಧ. ಆದರೆ ಈಗ ಚಿಕಿತ್ಸೆಯ ಬಹುಭಾಗ ಆಸ್ಪತ್ರೆಯ ಹೊರಗೇ ನಡೆಯುತ್ತದೆ. ಅನೇಕ ರೋಗಿಗಳು ಬೆಳಿಗ್ಗೆ ಹೋಗಿ ಔಷಧ ಏರಿಸಿಕೊಂಡು ಸಂಜೆಗೆ ಹಿಂತಿರುಗುತ್ತಾರೆ. ಕೆಲವರಿಗೆ ಮಾತ್ರೆಯಲ್ಲೇ ಚಿಕಿತ್ಸೆ. ಸಾಮಾನ್ಯವಾದ ಒಂದು ಕ್ರಮದಲ್ಲಿ 21 ದಿನಗಳಿಗೊಮ್ಮೆ ಔಷಧ ಕೊಡುತ್ತಾರೆ. ಅಂದರೆ ಒಂದು ದಿನ ಆಸ್ಪತ್ರೆ, ಇಪ್ಪತ್ತು ದಿನ ಮನೆ. ಆ ಇಪ್ಪತ್ತು ದಿನಗಳ ದಾದಿ ಯಾರು? ರೋಗಿಯ ತಾಯಿ, ಹೆಂಡತಿ, ಗಂಡ, ಮಗ, ಸೊಸೆ. ಅವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಜನರು ಕೀಮೋ ಎಂದು ಕರೆಯುವ ಈ ಔಷಧೋಪಚಾರ ಬಹಳ ಹಳೆಯದೇನೂ ಅಲ್ಲ. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಅಮೈನಾಪ್ಟರಿನ್ ಎಂಬ ಔಷಧ ಕೊಟ್ಟು, ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ ಪ್ರಯೋಗಾಲಯದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೆಂಬುದು ನಮಗೆ ಹೆಮ್ಮೆಯ ವಿಷಯ. ಅದರ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಈ ಔಷಧಗಳಲ್ಲಿ ಹೆಚ್ಚಿನವು ವೇಗವಾಗಿ ಒಡೆದು ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶಗಳ ಸ್ವಭಾವವೇ ಅದು. ಆದರೆ ನಮ್ಮ ಶರೀರದಲ್ಲಿ ವೇಗವಾಗಿ ಬೆಳೆಯುವ ಒಳ್ಳೆಯ ಕೋಶಗಳೂ ಉಂಟು: ಕೂದಲಿನ ಬುಡದಲ್ಲಿ, ಬಾಯಿ ಮತ್ತು ಕರುಳಿನ ಒಳಪದರದಲ್ಲಿ, ರಕ್ತ ತಯಾರಾಗುವ ಮೂಳೆಯ ಮಜ್ಜೆಯಲ್ಲಿ. ಕಳೆ ಕೀಳುವಾಗ ಪೈರಿಗೂ ಪೆಟ್ಟು ಬೀಳುವಂತೆ ಇವಕ್ಕೂ ಪೆಟ್ಟು ಬೀಳುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಭೇದಿಯಾಗುವುದು, ರಕ್ತ ಕಡಮೆಯಾಗುವುದು ಎಲ್ಲಕ್ಕೂ ಕಾರಣ ಇದೇ. ಉದುರಿದ ಕೂದಲು ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅದು ಮನಸ್ಸಿಗೆ ನೋವು, ಪ್ರಾಣಕ್ಕೆ ಅಪಾಯವಲ್ಲ. ಪ್ರಾಣಕ್ಕೆ ಅಪಾಯ ತರಬಲ್ಲದ್ದು ಮಜ್ಜೆಯ ಪೆಟ್ಟು.

ಮಜ್ಜೆ ಸೋತಾಗ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಇಳಿಯುತ್ತವೆ. ಅನೇಕ ಔಷಧಗಳಲ್ಲಿ ಇದು ಏಳರಿಂದ ಹದಿನಾಲ್ಕನೆಯ ದಿನದ ಅವಧಿಯಲ್ಲಿ ತೀರ ಕೆಳಮಟ್ಟಕ್ಕೆ ಬರುತ್ತದೆ. ಈ ದಿನಗಳಲ್ಲಿ ಜ್ವರ ಬಂದರೆ ಅದು ಊರಿನ ಮಾಮೂಲು ಜ್ವರವಲ್ಲ. ರೋಗಾಣು ರಕ್ತಕ್ಕೆ ಸೇರಿದರೆ ಕೆಲವೇ ಗಂಟೆಗಳಲ್ಲಿ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಉಷ್ಣಮಾಪಕ 100.4 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 38 ಡಿಗ್ರಿ ಸೆಲ್ಸಿಯಸ್, ತೋರಿಸಿದರೆ ಅಥವಾ ಮೈ ನಡುಕ ಹುಟ್ಟಿದರೆ, ರಾತ್ರಿ ಎರಡು ಗಂಟೆಯಾಗಿದ್ದರೂ ಸರಿಯೆ, ಆಸ್ಪತ್ರೆಗೆ ಹೊರಡಬೇಕು. ಇಂಥ ರೋಗಿ ಬಂದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕೆಂಬುದು ವೈದ್ಯರ ನಿಯಮ. ಮೊದಲು ಒಂದು ಪ್ಯಾರಾಸಿಟಮಾಲ್ ನುಂಗಿಸಿ ನೋಡೋಣ ಎನ್ನಬಾರದು. ಅದು ಜ್ವರವನ್ನು ಮುಚ್ಚಿಡುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ. “ಈಗ ಬಸ್ಸಿಲ್ಲ, ಬೆಳಗಾಗಲಿ” ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಸಹಜ. ಆದರೆ ಈ ಒಂದು ವಿಷಯದಲ್ಲಿ ಬೆಳಗಿನವರೆಗೆ ಕಾಯುವಂತಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಆಸ್ಪತ್ರೆಯಿಂದ ಹೊರಡುವ ಮುನ್ನವೇ ರಾತ್ರಿ ಯಾವ ನಂಬರಿಗೆ ಫೋನು ಮಾಡಬೇಕು, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬಹುದು ಎಂಬುದನ್ನು ಕೇಳಿ ಬರೆದುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಬೀದರಿನವರೋ ರಾಯಚೂರಿನವರೋ ಜ್ವರ ಬಂದ ರಾತ್ರಿ ಬೆಂಗಳೂರಿಗೆ ಓಡಲಾರರು. ಅವರು ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ, “ಇವರಿಗೆ ಕೀಮೋ ನಡೆಯುತ್ತಿದೆ, ಕೊನೆಯ ಔಷಧ ಇಂಥ ದಿನ ಕೊಟ್ಟಿದ್ದಾರೆ” ಎಂದು ಬಾಗಿಲಲ್ಲೇ ಹೇಳಿ ಚಿಕಿತ್ಸೆಯ ಕಾಗದಗಳನ್ನು ತೋರಿಸಬೇಕು. ವಾಹನವಿಲ್ಲದವರು 108ಕ್ಕೆ ಕರೆ ಮಾಡಬಹುದು. ಒಂದು ನೋಟುಪುಸ್ತಕವಿಟ್ಟು ಔಷಧ ಕೊಟ್ಟ ತಾರೀಖು, ದಿನದ ಜ್ವರ, ವಾಂತಿ ಭೇದಿಗಳ ಲೆಕ್ಕ, ಮಾತ್ರೆಯ ಹೊತ್ತು ಬರೆದಿಡಿ. ಆ ಪುಸ್ತಕ ವೈದ್ಯರಿಗೆ ಬಹಳ ಸಹಾಯಕ.

ಇನ್ನು ದಿನನಿತ್ಯದ ಮಾತು. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ಆದರೆ ವಾಂತಿ ಬಂದ ಮೇಲೆ ನುಂಗುವುದಕ್ಕಿಂತ ವೈದ್ಯರು ಹೇಳಿದ ಹೊತ್ತಿಗೆ ಮುಂಚೆಯೇ ನುಂಗುವುದು ಮೇಲು. ತಟ್ಟೆ ತುಂಬ ಅನ್ನ ಬಡಿಸಿ ಬಲವಂತ ಮಾಡಬೇಡಿ. ಎರಡು ಗಂಟೆಗೊಮ್ಮೆ ಗಂಜಿ, ಇಡ್ಲಿ, ಬೇಳೆಯ ಕಟ್ಟು, ಚೆನ್ನಾಗಿ ಬೆಂದ ಮೊಟ್ಟೆ, ಹೀಗೆ ಸ್ವಲ್ಪ ಸ್ವಲ್ಪ ಕೊಡಿ. ಆಗ ತಾನೇ ಮಾಡಿದ ಅಡಿಗೆ, ಕುದಿಸಿ ಆರಿಸಿದ ನೀರು ಇರಲಿ. ತಂಗಳು, ರಸ್ತೆಬದಿಯ ಕೊಯ್ದ ಹಣ್ಣು ಬೇಡ. ಬಾಯಿ ಹುಣ್ಣಾದರೆ ಖಾರ ಹುಳಿ ಬಿಟ್ಟು, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು ಬೆರೆಸಿ ಆಗಾಗ ಬಾಯಿ ಮುಕ್ಕಳಿಸಬೇಕು. ಕುಡಿದ ನೀರೂ ನಿಲ್ಲದಿದ್ದರೆ, ಭೇದಿ ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚಾದರೆ, ಎಲ್ಲಿಂದಲಾದರೂ ರಕ್ತ ಬಂದರೆ, ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಮಾತ್ರೆಯ ಚಿಕಿತ್ಸೆ ಸುಲಭವೆಂದು ಕಂಡರೂ ಅದರಲ್ಲಿ ಎಚ್ಚರ ಕಡಮೆ ಬೇಕೆಂದಲ್ಲ. ಕೆಲವನ್ನು ಹದಿನಾಲ್ಕು ದಿನ ನುಂಗಿ ಏಳು ದಿನ ಬಿಡಬೇಕು, ಕೆಲವನ್ನು ದಿನವೂ ನುಂಗಬೇಕು. ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಎಂದು ಬರೆದಿದ್ದಾಗ ದಿನವೂ ನುಂಗಿದರೆ ಪ್ರಾಣಾಪಾಯ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಬಾರದು, ಕೇಳಿ ನಡೆಯಬೇಕು. ಮಾತ್ರೆಯನ್ನು ಮುರಿಯುವುದು, ಪುಡಿಮಾಡಿ ಹಾಲಿಗೆ ಹಾಕುವುದು ಬೇಡ. ನೆರೆಯವರು ಹೇಳಿದ ಬೇರು ಸೊಪ್ಪಿನ ಕಷಾಯ ಕೊಡುವ ಮೊದಲು ವೈದ್ಯರನ್ನು ಕೇಳಿ. ನಮ್ಮ ದೇವನಹಳ್ಳಿಯ ಸೀಮೆಯ ಚಕ್ಕೋತದಂಥ ಹಣ್ಣು ಕೂಡ ಕೆಲವು ಮಾತ್ರೆಗಳು ರಕ್ತದಲ್ಲಿ ಸೇರುವ ಪ್ರಮಾಣವನ್ನು ಏರುಪೇರು ಮಾಡಬಲ್ಲದು.

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ಪಕ್ಕದಲ್ಲಿ ಕೂತು ಉಣ್ಣಬಹುದು, ಕೈ ಹಿಡಿಯಬಹುದು, ಮೊಮ್ಮಗು ತೊಡೆಯೇರಬಹುದು. ನೆಗಡಿ ಕೆಮ್ಮು ಇದ್ದವರು ಮಾತ್ರ ದೂರವಿರಲಿ. ಔಷಧ ಕೊಟ್ಟ ಮೇಲೆ ಸುಮಾರು 48 ಗಂಟೆ ರೋಗಿಯ ಮಲಮೂತ್ರ, ವಾಂತಿಯಲ್ಲಿ ಅದರ ಅಂಶವಿರುವುದರಿಂದ, ಅವನ್ನು ತೆಗೆಯುವವರು ಕೈಗವಸು ತೊಟ್ಟು, ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಗರ್ಭಿಣಿಯರು ಈ ಕೆಲಸಕ್ಕೂ ಮಾತ್ರೆ ಮುಟ್ಟುವುದಕ್ಕೂ ಹೋಗಬಾರದು.

ಕಡೆಯದಾಗಿ ಒಂದು ಮಾತು. ರೋಗಿಗೆ ರೋಗದ ಹೆಸರನ್ನೇ ಹೇಳದೆ ಮುಚ್ಚಿಡುವ ಮನೆಗಳು ನಮ್ಮಲ್ಲಿ ಬಹಳ. ಅದರ ಹಿಂದೆ ಪ್ರೀತಿಯಿದೆ, ನಿಜ. ಆದರೆ ತನಗೆ ಯಾವ ಚಿಕಿತ್ಸೆ ನಡೆಯುತ್ತಿದೆಯೆಂದು ತಿಳಿಯದ ರೋಗಿ ಚಳಿ ಹತ್ತಿದಾಗ ಕಂಬಳಿ ಹೊದ್ದು ಮಲಗುತ್ತಾನೆ, ಮನೆಯವರ ನಿದ್ದೆ ಏಕೆ ಕೆಡಿಸಲಿ ಎಂದು ಸುಮ್ಮನಾಗುತ್ತಾನೆ. ತಿಳಿದವನು ಎಬ್ಬಿಸುತ್ತಾನೆ. ಆದುದರಿಂದ ಎಷ್ಟು ತಿಳಿಯಬಯಸುತ್ತಾರೋ ಅಷ್ಟನ್ನಾದರೂ ವೈದ್ಯರ ನೆರವಿನಿಂದ ಅವರಿಗೆ ಹೇಳಿ. “ಯಾವ ಹೊತ್ತಿನಲ್ಲಾದರೂ ನನ್ನನ್ನು ಎಬ್ಬಿಸು, ಬೇಸರಪಡುವುದಿಲ್ಲ” ಎಂದೂ ಹೇಳಿ. ಶುಶ್ರೂಷೆ ಮಾಡುವವರೂ ಸರದಿಯ ಮೇಲೆ ನಿದ್ದೆ ಮಾಡಲಿ, ಹೊತ್ತಿಗೆ ಉಣ್ಣಲಿ. ಒಬ್ಬರೇ ಹೊರುವ ಭಾರವಲ್ಲ ಇದು. ಮನೆಮಂದಿಯೆಲ್ಲ ಹೆಗಲು ಕೊಟ್ಟರೆ ಆ ಇಪ್ಪತ್ತು ದಿನಗಳನ್ನು ಕ್ಷೇಮವಾಗಿ ದಾಟಬಹುದು.