ಸೀಟು ಸಿಕ್ಕಿತು, ಸೂರು ಎಲ್ಲಿ?

(ಕುಶಾಲನಗರದಲ್ಲಿ ಮಿಲ್ಲು ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ಬೆಲೆಯ ಮಾತು ಆಡುತ್ತೇನೆಂದು ತಿಳಿದು ತಾವು ಬಂದಿರಬಹುದು. ಇಂದು ನಾನು ಒಂದು ಕೋಣೆಯ ಮಾತು ಆಡುತ್ತೇನೆ. ಹತ್ತಡಿ ಉದ್ದ, ಎಂಟಡಿ ಅಗಲ, ಒಂದು ಕಿಟಕಿ, ಒಂದು ಬಲ್ಬು. ಇಷ್ಟು ಸಿಗದೆ ಹೋದರೆ ನಮ್ಮ ಮಕ್ಕಳಿಗೆ ಎಂ.ಎ. ಇಲ್ಲ, ಎಂ.ಎಸ್‌ಸಿ. ಇಲ್ಲ. ಅಂಕಪಟ್ಟಿ ಎಷ್ಟು ಹೊಳೆದರೂ ಅದನ್ನು ಹೊದ್ದು ಮಲಗಲು ಬರುವುದಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಪಕ್ಷದ ಕೆಲಸಕ್ಕೆ ಬರುವ ಮುನ್ನ ಕಾಫಿ ತೋಟದ ಮಗ್ಗುಲಿನ ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅಲ್ಲಿ ನನ್ನ ಕೈಯಲ್ಲಿ ಮಗ್ಗಿ ಕಲಿತ ಒಬ್ಬ ಹುಡುಗಿ, ಲೈನು ಮನೆಯಲ್ಲಿ ಹುಟ್ಟಿದವಳು, ಬಿ.ಎ. ಮುಗಿಸಿ ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೀಟು ಪಡೆದಳು. ಆ ಲೈನಿನಲ್ಲಿ ಅಷ್ಟು ದೂರ ಹೋದವರು ಅವಳಿಗಿಂತ ಮೊದಲು ಯಾರೂ ಇಲ್ಲ. ಅವಳ ತಂದೆ ಬಂದು, "ಮೇಷ್ಟ್ರೇ, ಪೇಟೆಯಲ್ಲಿ ಮನೆ ಕೇಳಲು ನನಗೆ ಬಾಯಿ ಬರುವುದಿಲ್ಲ, ನೀವೂ ಜೊತೆಗೆ ಬನ್ನಿ" ಎಂದರು. ಹೋದೆ.

ಮೂರು ದಿನ ತಿರುಗಿದೆವು. ಮಾನಸಗಂಗೋತ್ರಿಯ ಸುತ್ತ ಪಡುವಾರಹಳ್ಳಿ, ಸರಸ್ವತಿಪುರಂ, ಬೋಗಾದಿ; 'ಬಾಡಿಗೆಗೆ ಇದೆ' ಎಂಬ ಹಲಗೆ ಕಂಡಲ್ಲೆಲ್ಲ ಬಾಗಿಲು ತಟ್ಟಿದೆವು. ಬಾಡಿಗೆ ಎಷ್ಟೆಂದು ನಾವು ಕೇಳುವ ಮೊದಲೇ ಅವರು ಕೇಳುತ್ತಿದ್ದರು: "ನಿಮ್ಮದು ಯಾವ ಜನ?" ಆಮೇಲೆ, "ಮಾಂಸ ಗೀಂಸ ಬೇಯಿಸುತ್ತೀರಾ?" ಆಮೇಲೆ, "ತಂದೆಗೆ ಏನು ಕೆಲಸ?" ಆ ತಂದೆ ತಮ್ಮ ಎರಡು ಕೈಗಳನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕಾಫಿ ಕರೆ ಹಿಡಿದ ಆ ಬೆರಳುಗಳು ಯಾರಿಗೂ ಕಾಣದಿರಲಿ ಎಂದು.

ಒಬ್ಬ ಯಜಮಾನರು ಮಾತ್ರ ಬಹಳ ಸೌಜನ್ಯದಿಂದ ಮಾತನಾಡಿದರು. ಕುರ್ಚಿ ಹಾಕಿದರು, ನೀರು ಕೊಟ್ಟರು. ಕಡೆಗೆ, "ಮನೆಯವರನ್ನು ಕೇಳಿ ಹೇಳುತ್ತೇನೆ, ನಾಳೆ ಫೋನು ಮಾಡಿ" ಎಂದರು. ಮರುದಿನ ಆ ಫೋನನ್ನು ಯಾರೂ ಎತ್ತಲಿಲ್ಲ.

ಈ ವಾಕ್ಯವನ್ನು ತಾವು ನೆನಪಿನಲ್ಲಿಡಬೇಕು. "ಮನೆಯವರನ್ನು ಕೇಳಿ ಹೇಳುತ್ತೇನೆ." ಇದು ಹಳೆಯ ವಾಕ್ಯ. 1913ರಲ್ಲಿ ಅಂಬೇಡ್ಕರರು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ಓದಿಗಾಗಿ ಹೋದರು. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯನ ಜೊತೆ ಅವರಿಗೆ ಕೋಣೆ ದೊರೆಯಿತು. ಓದಿ ವಿದ್ವಾಂಸರಾಗಿ, 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರೆ ಇಡೀ ಊರಿನಲ್ಲಿ ಅವರಿಗೆ ತಲೆಯೂರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಜನ ಬಂದು ಹೊರಡಿಸಿದರು. ಇಬ್ಬರು ಪರಿಚಯದವರನ್ನು ಕೇಳಿಕೊಂಡರು. ಅವರಲ್ಲಿ ಒಬ್ಬರು ಹೇಳಿದ್ದು ಇದನ್ನೇ: ಹೆಂಡತಿ ನಾಳೆ ಬರುತ್ತಾಳೆ, ಅವಳನ್ನು ಕೇಳಬೇಕು. ಅಂಬೇಡ್ಕರರು ಒಂದು ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟುಹೋದರು. ಸಾಗರದಾಚೆ ಸಿಕ್ಕಿದ ಕೋಣೆ ಸ್ವಂತ ದೇಶದಲ್ಲಿ ಸಿಗಲಿಲ್ಲ. ನೂರು ವರ್ಷ ಕಳೆದಿದೆ, ವಾಕ್ಯ ಬದಲಾಗಿಲ್ಲ.

ಕೊಡಗಿನವರಿಗೆ ಈ ಅಲೆದಾಟ ಹೊಸತಲ್ಲ. ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಆರಂಭವಾದದ್ದೇ 1949ರಲ್ಲಿ. ಅದಕ್ಕೂ ಹೆಚ್ಚಿನ ಓದಿಗೆ ಮೈಸೂರೋ ಮದರಾಸೋ ಗತಿ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾಲಯವಾಗಿ ಕೊಡಗು ಅದರ ವ್ಯಾಪ್ತಿಗೆ ಸೇರಿತು. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ ಎನ್ನುವಂತಿಲ್ಲ. ಮಂಗಳೂರಿನ ದಾರಿಯನ್ನು ಕೇಳುವುದೇ ಬೇಡ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯೇ ಕಡಿದುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದುದರಿಂದ ಬೇರೆ ಊರಿನ ವಿದ್ಯಾರ್ಥಿಗೆ ಕೋಣೆ ಒಂದು ಅನುಕೂಲವಾಗಿರಬಹುದು, ಕೊಡಗಿನ ವಿದ್ಯಾರ್ಥಿಗೆ ಅದು ಪುಸ್ತಕಕ್ಕಿಂತ ಮೊದಲಿನ ಅಗತ್ಯ.

ಹಿಂದಿನವರು ಏನು ಮಾಡುತ್ತಿದ್ದರು? ಒಂದು ಕಾಲಕ್ಕೆ ವಾರಾನ್ನವೆಂಬುದಿತ್ತು. ಸೋಮವಾರ ಒಂದು ಮನೆಯ ಊಟ, ಮಂಗಳವಾರ ಇನ್ನೊಂದು ಮನೆಯದು. ಅನೇಕ ದೊಡ್ಡವರು ಹಾಗೆ ಉಂಡು ಓದಿದರು. ಆದರೆ ಆ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕುತ್ತಿರಲಿಲ್ಲ. ಯಾರಿಗೆ ಎಲೆ ಇರಲಿಲ್ಲವೋ ಅವರಿಗಾಗಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸಂಸ್ಥೆ ಕಟ್ಟಿದರು. ಶಾಲೆಯನ್ನೂ ವಸತಿಯನ್ನೂ ಮಾಡಿದರು. ಸಿದ್ಧಗಂಗೆಯಲ್ಲಿ, ಸುತ್ತೂರು ಮಠದವರಿಂದ ಮೈಸೂರಿನಲ್ಲಿ, ಒಕ್ಕಲಿಗರ ಸಂಘದಿಂದ ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯಗಳು ಎದ್ದವು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರಿಗೆ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಇರಲು ಎಡೆ ಕೊಟ್ಟರು. ಅಂದಿನವರು ಕಂಡುಕೊಂಡದ್ದು ಒಂದೇ ಸತ್ಯ: ಶಾಲೆ ಕಟ್ಟಿದರೆ ಅರ್ಧ ಕೆಲಸ, ಓದುವವನಿಗೆ ಮಲಗಲು ಜಾಗ ಕೊಟ್ಟರೆ ಪೂರ್ತಿ ಕೆಲಸ.

ಇಂದು ಸರಕಾರದ ವಿದ್ಯಾರ್ಥಿನಿಲಯಗಳಿವೆ. ಅವು ಇಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳು ಹೊರಗೇ ಉಳಿಯುತ್ತಿದ್ದರು, ಅದನ್ನು ಮರೆಯಬಾರದು. ಆದರೆ ನಮ್ಮ ಹುಡುಗಿಗೆ ಏನಾಯಿತು ಕೇಳಿ. ತರಗತಿ ಆರಂಭವಾದದ್ದು ಒಂದು ತಿಂಗಳು, ವಿದ್ಯಾರ್ಥಿನಿಲಯದ ಆಯ್ಕೆಪಟ್ಟಿ ಬಂದದ್ದು ಮೂರನೆಯ ತಿಂಗಳು. ನಡುವಿನ ದಿನಗಳನ್ನು ಆಕೆ ಎಲ್ಲಿ ಕಳೆಯಬೇಕು? ಅರ್ಜಿಯಲ್ಲಿ ಆ ಪ್ರಶ್ನೆಗೆ ಕಲಮೇ ಇರಲಿಲ್ಲ. ಹಿಂದುಳಿದ ವರ್ಗದ ಮಕ್ಕಳಿಗೆ ನಿಲಯದಲ್ಲಿ ಜಾಗ ಸಿಗದಿದ್ದರೆ ಎಂದು 2013-14ರಲ್ಲಿ 'ವಿದ್ಯಾಸಿರಿ' ಯೋಜನೆ ಬಂದಿತು. ಆಗ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ಒಳ್ಳೆಯ ಯೋಜನೆಯೇ. ಆದರೆ ಅಂಗಡಿ ನಡೆಸುವ ತಾವು ಲೆಕ್ಕ ಬಲ್ಲವರು. ದಿನಕ್ಕೆ 50 ರೂಪಾಯಿ. ಊಟ, ವಸತಿ ಎರಡೂ ಅದರಲ್ಲೇ!

ಕಡೆಗೆ ಆ ಹುಡುಗಿ ಒಂದು ಪಿ.ಜಿ.ಯಲ್ಲಿ ನಾಲ್ವರ ಕೋಣೆಯಲ್ಲಿ ಒಂದು ಮಂಚ ಹಿಡಿದಳು. ಪಿ.ಜಿ. ಓದಲು ಪಿ.ಜಿ.ಯಲ್ಲಿ ಇರಬೇಕು ಎಂದು ಹುಡುಗರು ತಮಾಷೆ ಮಾಡುತ್ತಾರೆ. ಒಂದು ಪೋಸ್ಟ್ ಗ್ರಾಜುಯೇಟ್, ಇನ್ನೊಂದು ಪೇಯಿಂಗ್ ಗೆಸ್ಟ್, ಎಂದರೆ ಹಣ ತೆರುವ ಅತಿಥಿ. ಹಣ ತೆತ್ತವನನ್ನು ಅತಿಥಿಯೆಂದು ಏಕೆ ಕರೆಯುತ್ತಾರೆ ಬಲ್ಲಿರಾ? ಅತಿಥಿಗೆ ಉಪಚಾರ ಉಂಟು, ಹಕ್ಕಿಲ್ಲ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆದಾರನನ್ನು ಬಿಡಿಸಬೇಕಾದರೆ 15 ದಿನಗಳ ನೋಟೀಸು ಕೊಡಬೇಕೆಂದು 1882ರ ಆಸ್ತಿ ವರ್ಗಾವಣೆ ಕಾನೂನು ಹೇಳುತ್ತದೆ. ಅತಿಥಿಗೆ ಆ ರಕ್ಷಣೆ ಸುಲಭವಾಗಿ ದೊರೆಯದು. ಮನೆಯ ಕರಾರನ್ನೇ ನೋಡಿ: ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಾದರೆ 1908ರ ಕಾನೂನಿನಂತೆ ನೋಂದಣಿ ಮಾಡಿಸಬೇಕು. ಆ ಖರ್ಚು ತಪ್ಪಲಿ ಎಂದು. ಓದು ಎರಡು ವರ್ಷದ್ದು, ಕರಾರು ಹನ್ನೊಂದು ತಿಂಗಳದ್ದು. ಪರೀಕ್ಷೆಯ ಹೊತ್ತಿಗೆ ಬಾಡಿಗೆ ಏರುತ್ತದೆ.

ಆದರೂ ಜನ ದನಿ ಎತ್ತಿದಲ್ಲಿ ಕೆಲವು ಗಂಟು ಬಿಚ್ಚಿದೆ. 2023ರಲ್ಲಿ ಕರ್ನಾಟಕದ ತೆರಿಗೆ ಪ್ರಾಧಿಕಾರ ಪಿ.ಜಿ. ಬಾಡಿಗೆಗೂ 12 ಶೇಕಡ ಜಿ.ಎಸ್.ಟಿ. ಬೀಳುತ್ತದೆ ಎಂದಿತ್ತು. ವಿರೋಧ ಬಂದಿತು. 2024ರ ಜೂನ್‌ನಲ್ಲಿ ಜಿ.ಎಸ್.ಟಿ. ಮಂಡಳಿ ತಲೆಗೆ ತಿಂಗಳಿಗೆ 20,000 ರೂಪಾಯಿಯವರೆಗೆ, ಎಡೆಬಿಡದೆ 90 ದಿನ ಇರುವವರಿಗೆ, ಆ ತೆರಿಗೆ ಬೇಡವೆಂದಿತು. 2021ರ ಕೇಂದ್ರದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಪಡೆಯಬಾರದೆನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ಒಪ್ಪಿ ಜಾರಿಗೆ ತಂದರಷ್ಟೇ ಕಾನೂನು. ಹತ್ತು ತಿಂಗಳ ಅಡ್ವಾನ್ಸು ಕೇಳುವ ರೂಢಿ ಕಂಡ ಬೆಂಗಳೂರು ನಮ್ಮ ರಾಜಧಾನಿ. ಇದಕ್ಕಾಗಿ ನಾವು ಒತ್ತಾಯ ಮಾಡಬೇಕಲ್ಲವೆ?

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದೆ. ಸಭೆಯಲ್ಲಿ ಅದು ಸುಲಭ. ಈಗ ನನ್ನ ಮನೆಯ ಮಾತು ಹೇಳಬೇಕು.

ನಮ್ಮ ಪಕ್ಕದ ಚಿಕ್ಕಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಕೇಂದ್ರವಿತ್ತು. 2023ರಲ್ಲಿ ಅದೇ ಕೊಡಗು ವಿಶ್ವವಿದ್ಯಾಲಯವಾಯಿತು. ಹೊರ ಜಿಲ್ಲೆಗಳ ಮಕ್ಕಳೂ ನಮ್ಮ ಊರಿಗೆ ಕೋಣೆ ಹುಡುಕುತ್ತ ಬರತೊಡಗಿದರು. ನಮ್ಮ ಹಿತ್ತಲಲ್ಲಿ ಒಂದು ಕೋಣೆ ಇದೆ. ಹಳೆಯ ಚೀಲ, ಸೌದೆ ತುಂಬಿಟ್ಟಿದ್ದೆವು. ಮೈಸೂರಿಗೆ ಹೋಗುವ ಹಿಂದಿನ ವರ್ಷ ಒಬ್ಬ ಹುಡುಗ ಬಂದ. ಚಾಮರಾಜನಗರದ ಕಡೆಯವನು. ಮಳೆಯಲ್ಲಿ ನೆನೆದಿದ್ದ. ಅಂಗಳದಲ್ಲೇ ನಿಂತು, "ಅಣ್ಣ, ಕೋಣೆ ಇದೆಯಂತಲ್ಲ" ಎಂದ. ನಮ್ಮ ಅವ್ವ ಒಳಗಿನಿಂದ, "ಯಾವ ಜನ ಅಂತ ಕೇಳು" ಎಂದಳು. ಅವನಿಗೂ ಅದು ಕೇಳಿಸಿತು. ಗೆಳೆಯರೆ, ಪಕ್ಷದ ಬಾವುಟದ ಕೆಳಗೆ ನಿಂತು ಸಮಾನತೆಯ ಮೇಲೆ ಒಂದು ಗಂಟೆ ಮಾತನಾಡಬಲ್ಲ ನಾನು ಅವನಿಗೆ ಏನು ಹೇಳಿದೆ ಬಲ್ಲಿರಾ? "ಅವ್ವನನ್ನು ಕೇಳಿ ಹೇಳುತ್ತೇನೆ, ನಾಳೆ ಬಾ" ಎಂದೆ. ಅವನು ಬರಲಿಲ್ಲ. ಬರಬೇಕಾದ ಅಗತ್ಯವಿಲ್ಲವೆಂದು ಅವನಿಗೆ ತಿಳಿದಿತ್ತು.

ಮೈಸೂರಿನ ಆ ಯಜಮಾನರ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಅದೇ ಮಾತನ್ನು ಕೇಳಿದಾಗ ನನಗೆ ಆ ಹುಡುಗನ ಒದ್ದೆ ಅಂಗಿ ಕಣ್ಣಿಗೆ ಕಟ್ಟಿತು. ಅವರ ಮೇಲೆ ಸಿಟ್ಟು ಮಾಡುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ನಾವು ಅಲ್ಲಿ ಬಾಡಿಗೆದಾರರು, ಇಲ್ಲಿ ಮನೆಯೊಡೆಯರು. ಬೆವರು ಸುರಿಸಿ ಎರಡು ಕೋಣೆ ಕಟ್ಟಿಸಿದ ಸಾಮಿಲ್ಲಿನ ಕೆಲಸಗಾರ, ಅಂಗಡಿಯ ಮಹಡಿಯ ಮೇಲೆ ಖಾಲಿ ಜಾಗ ಇರುವ ವ್ಯಾಪಾರಿ ಈ ಸಭೆಯಲ್ಲೇ ಇದ್ದಾರೆ. ಹೋಂ ಸ್ಟೇ ಮಾಡಿದರೆ ಶನಿವಾರ ಭಾನುವಾರದ ಎರಡು ರಾತ್ರಿಗೇ ಕೈತುಂಬ ಹಣ ಬರುತ್ತದೆ, ವಿದ್ಯಾರ್ಥಿಗೆ ಏಕೆ ಕೊಡಲಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಬಡವನಿಗೂ ಸಂಪಾದನೆ ಬೇಕು. ಆದರೆ 2018ರಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದಾಗ, 2020ರಲ್ಲಿ ಕೊರೋನ ಬಂದು ಊರೇ ಬಾಗಿಲು ಹಾಕಿದಾಗ ಪ್ರವಾಸಿ ಬರಲಿಲ್ಲ. ತಿಂಗಳ ಬಾಡಿಗೆ ಸಣ್ಣದು, ಆದರೆ ಎರಡು ವರ್ಷ ನಿಲ್ಲುವಂಥದು. ವಿದ್ಯಾರ್ಥಿ ಬಂದರೆ ಕೋಣೆಗಷ್ಟೇ ಲಾಭವಲ್ಲ. ಮೆಸ್ಸಿಗೆ, ಜೆರಾಕ್ಸ್ ಅಂಗಡಿಗೆ, ದಿನಸಿ ಅಂಗಡಿಗೆ ಗಿರಾಕಿ ಬಂದ ಹಾಗೆ. 2025ರಲ್ಲಿ ಸಂಪುಟದ ಉಪಸಮಿತಿ ಮುಚ್ಚಬಹುದೆಂದು ಹೇಳಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಡಗಿನದೂ ಸೇರಿತ್ತು. ಊರು ವಿದ್ಯಾರ್ಥಿಗಳಿಗೆ ಇರಲು ಜಾಗ ಕೊಡದಿದ್ದರೆ, ವಿದ್ಯಾರ್ಥಿಗಳೇ ಇಲ್ಲವೆಂದು ಹೇಳಿ ಬಾಗಿಲು ಹಾಕುವುದು ಯಾರಿಗೂ ಸುಲಭ.

ಹಾಗಾದರೆ ಏನು ಮಾಡೋಣ? ಮೂರು ಸೂಚನೆ ಮುಂದಿಡುತ್ತೇನೆ.

ಮೊದಲನೆಯದು, ಸರಕಾರಕ್ಕೆ ಬೇಡಿಕೆ. ಸೀಟಿನ ಪತ್ರದ ಜೊತೆಯಲ್ಲೇ ವಿದ್ಯಾರ್ಥಿನಿಲಯದ ನಿರ್ಣಯವೂ ಬರಬೇಕು. ತಡವಾದರೆ ಅಷ್ಟು ದಿನದ ವಸತಿಯ ಖರ್ಚನ್ನು ಸರಕಾರವೇ ಹೊರಬೇಕು.

ಎರಡನೆಯದು, ಅಡ್ವಾನ್ಸಿನ ನಿಧಿ. ಚೀಟಿ ನಡೆಸಿ ಬಲ್ಲ ನಿಮಗೆ ಇದು ಕಷ್ಟವಲ್ಲ. ಬಾಡಿಗೆ ಹೋದ ಹಣ, ಅಡ್ವಾನ್ಸು ತಿರುಗಿ ಬರುವ ಹಣ. ತಂದೆ ಅದಕ್ಕಾಗಿ ಕೈಬಡ್ಡಿಯ ಸಾಲ ಮಾಡಿ ಮುಳುಗುತ್ತಾನೆ. ನೂರು ಜನ ಐನೂರರಂತೆ ಹಾಕಿದರೆ 50,000 ಆಯಿತು. ಹತ್ತು ಸಾವಿರದಂತೆ ಐದು ಮಕ್ಕಳಿಗೆ ಅಡ್ವಾನ್ಸು. ಓದು ಮುಗಿದಾಗ, ಸುಣ್ಣಬಣ್ಣಕ್ಕೆಂದು ಮುರಿದುಕೊಂಡದ್ದು ಹೋಗಿ, ಉಳಿದದ್ದು ನಿಧಿಗೆ ಮರಳುತ್ತದೆ. ಮುಂದಿನ ಐವರಿಗೆ ಹೋಗುತ್ತದೆ. ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಬೇಕೆಂದೂ, ಬಿಡುವಾಗ ಎಷ್ಟು ಮುರಿಯುತ್ತಾರೆಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕೆಂದೂ ಆ ಮಕ್ಕಳಿಗೆ ನಾವೇ ಹೇಳಿಕೊಡೋಣ.

ಮೂರನೆಯದು, ನಮ್ಮ ಕಚೇರಿಯಲ್ಲಿ ಒಂದು ಪುಸ್ತಕ. ಈ ಊರಿನಲ್ಲಿ ಕೋಣೆ ಕೊಡುವವರ ವಿಳಾಸ, ಬಾಡಿಗೆ, ನೀರು, ಬೆಳಕು, ಬಸ್ಸಿಗೆ ಎಷ್ಟು ದೂರ ಎಂಬುದೆಲ್ಲ ಅದರಲ್ಲಿರಲಿ. ಹೆಸರು ಬರೆಸುವವರು ಒಂದು ಮಾತು ಕೊಡಬೇಕು: ಬಂದ ಮಗುವಿನ ಹೆಸರು ಕೇಳುತ್ತೇವೆ, ಊರು ಕೇಳುತ್ತೇವೆ, ಓದು ಕೇಳುತ್ತೇವೆ. ನಾಲ್ಕನೆಯ ಪ್ರಶ್ನೆ ಕೇಳುವುದಿಲ್ಲ.

ಆ ಹುಡುಗಿ ಮೊದಲ ವರ್ಷ ಪಾಸು ಮಾಡಿದ್ದಾಳೆ. ಆ ಹುಡುಗ ಎಲ್ಲಿದ್ದಾನೋ ನನಗೆ ತಿಳಿಯದು. ಕಳೆದ ವಾರ ನಾನೂ ಅವ್ವನೂ ಸೇರಿ ಹಿತ್ತಲ ಕೋಣೆಯ ಚೀಲ, ಸೌದೆ ತೆಗೆದು ಸುಣ್ಣ ಹೊಡೆದೆವು. ಅವ್ವ ಒಡನೆ ಒಪ್ಪಲಿಲ್ಲ. ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಪೊರಕೆ ಹಿಡಿದು ತಾನೇ ಬಂದಳು.

ಪುಸ್ತಕ ತಂದಿದ್ದೇನೆ, ಇಗೋ, ಈ ಮೇಜಿನ ಮೇಲಿದೆ. ಮೊದಲ ಸಾಲಿನಲ್ಲಿ ನಮ್ಮ ಮನೆಯ ವಿಳಾಸವಿದೆ. ಎರಡನೆಯ ಸಾಲು ಖಾಲಿ ಇದೆ. ಮನೆಯವರನ್ನು ಕೇಳಿ ಬರೆಸುತ್ತೇವೆ ಎನ್ನುವವರು ದಯಮಾಡಿ ಇಂದೇ ಕೇಳಿ, ನಾಳೆಯೇ ಬಂದು ಬರೆಸಿ.