ಯಾವುದು ಮೊದಲು, ಯಾವುದು ಆಮೇಲೆ?

(ಬಾನುಲಿ ಭಾಷಣ)



ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಮಾರತ್ತಹಳ್ಳಿಗೂ ಮಹದೇವಪುರಕ್ಕೂ ನಡುವೆ, ದೊಡ್ಡನೆಕ್ಕುಂದಿ ಎಂಬ ಊರಿದೆ. ಊರು ಎಂದೆ; ಕೆರೆಯೊಂದು ಉಳಿದಿರುವುದರಿಂದ ಹಾಗೆನ್ನುವ ಧೈರ್ಯ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಹೊರವರ್ತುಲ ರಸ್ತೆ, ಉಪಗ್ರಹಗಳನ್ನು ಜೋಡಿಸಿ ಪರೀಕ್ಷೆಗೊಡ್ಡುವ ಇಸ್ರೋ ಆವರಣ. ಇವುಗಳ ನಡುವೆ ಹಳೆಯ ಬೀದಿಗಳು. ಅಂಥದೊಂದು ಬೀದಿಯಲ್ಲಿ ನನ್ನ ನೆರೆಯವರೊಬ್ಬರಿದ್ದಾರೆ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದ ಟರ್ನರ್. ಕ್ರೈಸ್ತರು, ಭಾನುವಾರದ ಆರಾಧನೆಯನ್ನು ತಪ್ಪಿಸಿದವರಲ್ಲ.

2020ರ ಲಾಕ್‌ಡೌನಿನ ದಿನಗಳಲ್ಲಿ ಯಾರೋ ಅವರಿಗೊಂದು ಪಟ ಕೊಟ್ಟರು. ಲೋಕಾಂತ್ಯದ ಘಟನೆಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಬಿಡಿಸಿದ ಪಟ. ಮೊದಲು ಶಿಲುಬೆ, ಬಳಿಕ ಸಭೆಯ ಕಾಲ, ಆಮೇಲೆ ಭಕ್ತರು ಮೇಘಗಳಲ್ಲಿ ಎತ್ತಲ್ಪಡುವುದು, ಏಳು ವರ್ಷಗಳ ಮಹಾಸಂಕಟ, ಕ್ರಿಸ್ತವಿರೋಧಿಯ ಆಳಿಕೆ, ಹರ್ಮಗೆದೋನಿನ ಯುದ್ಧ, ಕ್ರಿಸ್ತನ ಪುನರಾಗಮನ, ಸಾವಿರ ವರ್ಷಗಳ ರಾಜ್ಯ, ಕಡೆಯ ನ್ಯಾಯತೀರ್ಪು, ಕೊನೆಗೆ ಹೊಸ ಆಕಾಶ, ಹೊಸ ಭೂಮಿ. ಪಟ ಗೋಡೆಯೇರಿತು. ಕೆಲವು ವರ್ಷಗಳಾದ ಮೇಲೆ ಬೇರೊಂದು ಸಭೆಗೆ ಸೇರಿದ ಬಂಧುಗಳು ಇನ್ನೊಂದು ಪಟ ತಂದರು. ಅದರಲ್ಲಿ ಮಹಾಸಂಕಟ ಮೊದಲು, ಎತ್ತಲ್ಪಡುವುದು ಆಮೇಲೆ.

ನೆರೆಯವರು ನನ್ನನ್ನು ಕರೆದು ಎರಡನ್ನೂ ತೋರಿಸಿದರು. "ಮೇಷ್ಟ್ರೇ, ನಮ್ಮ ಕೆಲಸದಲ್ಲಿ ಡ್ರಾಯಿಂಗ್ ಒಂದೇ ಇರುತ್ತೆ. ಮೊದಲು ಫೇಸಿಂಗ್, ಆಮೇಲೆ ಟರ್ನಿಂಗ್, ಕೊನೆಗೆ ಥ್ರೆಡ್. ಕ್ರಮ ತಪ್ಪಿದರೆ ಮಾಲು ಹಾಳು. ಇಲ್ಲಿ ಒಂದೇ ಪುಸ್ತಕಕ್ಕೆ ಎರಡು ಕ್ರಮ. ಯಾವುದು ಸರಿ?" ಎಂದು ಕೇಳಿದರು.

ಬರಿಯ ಕುತೂಹಲದ ಪ್ರಶ್ನೆಯಾಗಿದ್ದರೆ ನಾನು ನಕ್ಕು ಎದ್ದುಬರುತ್ತಿದ್ದೆ. ಆದರೆ ಅವರ ಮೊಮ್ಮಗಳಿಗೆ ನರ್ಸಿಂಗ್ ಪದವಿಗೆ ಸೀಟು ದೊರೆತಿತ್ತು. ನಾಲ್ಕು ವರ್ಷದ ಓದು. ಶುಲ್ಕ ಕಟ್ಟಲು ಉಳಿದಿದ್ದುದು ಹತ್ತು ದಿನ. ಹಣ ಬ್ಯಾಂಕಿನಲ್ಲಿತ್ತು, ತಾತನ ಕೈ ಏಳುತ್ತಿರಲಿಲ್ಲ. ನಾಲ್ಕು ವರ್ಷ ಉಳಿಯದ ಲೋಕದಲ್ಲಿ ನಾಲ್ಕು ವರ್ಷದ ಓದೇಕೆ ಎಂಬುದು ಅವರ ಮನಸ್ಸಿನ ಕೊರೆತ. ಹುಡುಗಿ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಎರಡು ದಿನದ ಅವಕಾಶ ಕೇಳಿದೆ. ದೇವಶಾಸ್ತ್ರ ನನ್ನ ಕ್ಷೇತ್ರವಲ್ಲ. ಹಳೆಯ ಪಠ್ಯಗಳನ್ನು ಓದುವುದು, ಓದಿಸುವುದು ನನ್ನ ಕಸುಬಾಗಿತ್ತು. ಆ ಕಸುಬಿನವನಿಗೆ ಕಂಡಷ್ಟನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ತಿಳಿಯಬೇಕಾದುದು ಇದು: ಆ ಪಟದಲ್ಲಿರುವ ಸಾಲು ಬೈಬಲಿನ ಯಾವುದೇ ಒಂದು ಪುಟದಲ್ಲಿ ಹಾಗೆಯೇ ಇಲ್ಲ. ಅದು ಬೇರೆ ಬೇರೆ ಕಾಲದ ಗ್ರಂಥಗಳಿಂದ ತುಂಡುಗಳನ್ನು ತಂದು ಹೊಲಿದ ಕೌದಿ. ಏಳು ವರ್ಷದ ಲೆಕ್ಕ ದಾನಿಯೇಲನ ಗ್ರಂಥದ ಒಂಬತ್ತನೆಯ ಅಧ್ಯಾಯದ್ದು. ಮೇಘಗಳಲ್ಲಿ ಎತ್ತಲ್ಪಡುವ ಮಾತು ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ್ದು. ಅಧರ್ಮಪುರುಷನು ಮೊದಲು ಕಾಣಿಸಿಕೊಳ್ಳಬೇಕೆಂಬ ಮಾತು ಅದೇ ಊರಿನವರಿಗೆ ಹೋದ ಎರಡನೆಯ ಪತ್ರದ್ದು. ಸಾವಿರ ವರ್ಷಗಳ ಆಳಿಕೆ ಪ್ರಕಟನೆ ಗ್ರಂಥದ ಇಪ್ಪತ್ತನೆಯ ಅಧ್ಯಾಯದ್ದು. ಬಟ್ಟೆಯ ತುಂಡುಗಳು ಹಳೆಯವು, ಹೊಲಿಗೆ ಓದುಗರದು. ಪಟಗಳು ಬೇರೆಯಾಗುವುದು ಹೊಲಿಗೆಯಲ್ಲಿ.

ಹೊಲಿಗೆ ಎಲ್ಲೆಲ್ಲಿ ಬೇರೆಯಾಗುತ್ತದೆಂದು ನೋಡೋಣ. ದಾನಿಯೇಲನಲ್ಲಿ ಎಪ್ಪತ್ತು ವಾರಗಳ ಮಾತು ಬರುತ್ತದೆ. ದಿನವೊಂದಕ್ಕೆ ವರ್ಷವೊಂದರಂತೆ ಎಣಿಸಿದರೆ 490 ವರ್ಷ. ಯೆರೂಸಲೇಮಿನ ದೇವಾಲಯವನ್ನು ಕ್ರಿಸ್ತಪೂರ್ವ 167ರಲ್ಲಿ ಅಪವಿತ್ರಗೊಳಿಸಿದ ಅಂತಿಯೋಕ ರಾಜನ ಕಾಲಕ್ಕೆ ಈ ಲೆಕ್ಕ ಮುಗಿಯುತ್ತದೆಂದು ಕೆಲವರು ಓದುತ್ತಾರೆ. ಕ್ರಿಸ್ತನಲ್ಲಿ ಅದು ಮುಗಿಯಿತೆಂದು ಕೆಲವರು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ಬೇರೊಂದು ಓದನ್ನು ಬಳಕೆಗೆ ತಂದರು. ಅದರಂತೆ ಅರವತ್ತೊಂಬತ್ತು ವಾರಗಳಾದ ಮೇಲೆ ಗಡಿಯಾರ ನಿಂತಿದೆ. ಸಭೆಯ ಕಾಲವೆಲ್ಲ ಆ ವಿರಾಮದೊಳಗಿದೆ. ಉಳಿದ ಒಂದು ವಾರ, ಎಂದರೆ ಏಳು ವರ್ಷ, ಇನ್ನು ಮುಂದೆ ಬರಬೇಕಾದದ್ದು. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಅವರು ಟಿಪ್ಪಣಿಗಳೊಡನೆ ಪ್ರಕಟಿಸಿದ ಬೈಬಲಿನಿಂದ ಈ ಓದು ಲೋಕವನ್ನೆಲ್ಲ ಸುತ್ತಿತು. ನೆರೆಯವರ ಮೊದಲ ಪಟ ಈ ವಂಶದ್ದು.

ಎರಡನೆಯ ಪಟದವರು ಒಂದು ಪದವನ್ನು ಹಿಡಿಯುತ್ತಾರೆ. ಮೇಘಗಳಲ್ಲಿ ಪ್ರಭುವನ್ನು ಸಂಧಿಸುವುದು ಎಂಬಲ್ಲಿ ಪೌಲನು ಬಳಸಿದ ಗ್ರೀಕ್ ಪದಕ್ಕೆ, ಊರಿಗೆ ಬರುವ ಗಣ್ಯರನ್ನು ಊರ ಹೊರಗೆ ಹೋಗಿ ಎದುರುಗೊಂಡು ಒಳಕ್ಕೆ ಕರೆತರುವುದು ಎಂಬ ಬಳಕೆಯೂ ಇತ್ತು. ಕನ್ನಡ ಕಾವ್ಯ ಓದಿದವರಿಗೆ ಇದು ಹೊಸತಲ್ಲ. ಅರಸನು ಬರುವನೆಂದರೆ ಪುರಜನರು ಇದಿರ್ಗೊಳ್ಳಲು ಹೊರಡುತ್ತಾರೆ. ಇದಿರ್ಗೊಂಡವರು ಅರಸನೊಡನೆ ಪುರಕ್ಕೇ ಮರಳುತ್ತಾರೆ. ಹಾಗೆ ಓದಿದರೆ ಭಕ್ತರು ಲೋಕವನ್ನು ಬಿಟ್ಟು ಓಡುವುದಿಲ್ಲ, ಪ್ರಭುವನ್ನು ಲೋಕಕ್ಕೆ ಕರೆತರುತ್ತಾರೆ; ಸಂಕಟ ಅವರಿಗೂ ತಪ್ಪುವುದಿಲ್ಲ. ಒಂದು ಪದದ ಅರ್ಥ ಹೊರಳಿದರೆ ಸಾಲಿನ ಎರಡು ಘಟನೆಗಳು ಜಾಗ ಬದಲಿಸುತ್ತವೆ.

ಸಾವಿರ ವರ್ಷಗಳ ಮಾತೂ ಹೀಗೆಯೆ. ಎರಡನೆಯ ಶತಮಾನದ ಇರೇನಿಯಸ್ ಅದನ್ನು ಅಕ್ಷರಾರ್ಥದಲ್ಲಿ ನಂಬಿದರು: ಕ್ರಿಸ್ತನ ಆಗಮನ ಮೊದಲು, ಸಾವಿರ ವರ್ಷ ಆಮೇಲೆ. ಐದನೆಯ ಶತಮಾನದಲ್ಲಿ ಅಗಸ್ಟೀನರು ಅದು ಈಗ ನಡೆಯುತ್ತಿರುವ ಸಭೆಯ ಕಾಲಕ್ಕೇ ಸಂಕೇತವೆಂದರು. ಸುವಾರ್ತೆಯಿಂದ ಲೋಕ ತಿದ್ದಿ ಸುವರ್ಣಕಾಲ ಬಂದ ಬಳಿಕವೇ ಕ್ರಿಸ್ತನು ಬರುವನೆಂದು ಆಮೇಲಿನ ಕೆಲವರು ಹೇಳಿದರು. ಮೂವರೂ ಭಕ್ತರೇ, ಮೂವರ ಕೈಯಲ್ಲೂ ಅದೇ ಅಧ್ಯಾಯ.

ಇನ್ನು ಪ್ರಕಟನೆ ಗ್ರಂಥ. ಅಲ್ಲಿ ಏಳು ಮುದ್ರೆಗಳು ಒಡೆಯುತ್ತವೆ, ಏಳು ತುತೂರಿಗಳು ಮೊಳಗುತ್ತವೆ, ಏಳು ಪಾತ್ರೆಗಳಿಂದ ಕೋಪ ಸುರಿಯುತ್ತದೆ. ಇಪ್ಪತ್ತೊಂದು ಘಟನೆಗಳು ಸಾಲಾಗಿ ನಡೆಯುತ್ತವೆಯೇ? ಆರನೆಯ ಮುದ್ರೆ ಒಡೆದಾಗ ನಕ್ಷತ್ರಗಳು ಉದುರಿ ಆಕಾಶವೇ ಸುರುಳಿಯಂತೆ ಸುತ್ತಿಹೋಗುತ್ತದೆ. ಆದರೆ ಆಮೇಲೆ ಬರುವ ನಾಲ್ಕನೆಯ ತುತೂರಿಗೆ ನಕ್ಷತ್ರಗಳಲ್ಲಿ ಮೂರನೆಯ ಒಂದು ಪಾಲು ಮಂಕಾಗುತ್ತದೆ. ಉದುರಿಹೋದವು ಮತ್ತೆ ಮಂಕಾಗುವುದು ಹೇಗೆ? ಏಳನೆಯ ತುತೂರಿಗೆ ಲೋಕದ ರಾಜ್ಯವೆಲ್ಲ ದೇವರದಾಗುತ್ತದೆ. ಮುಂದಿನ ಅಧ್ಯಾಯದಲ್ಲಿಯೇ ಒಂದು ಮಗು ಹುಟ್ಟುತ್ತದೆ, ಕಥೆ ಮೊದಲಿಗೆ ಮರಳುತ್ತದೆ. ಈ ಗ್ರಂಥಕ್ಕೆ ಲ್ಯಾಟಿನಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ವ್ಯಾಖ್ಯಾನವನ್ನು ಬರೆದ ವಿಕ್ಟೊರಿನಸ್ ಕ್ರಿಸ್ತಶಕ 300ರ ಸುಮಾರಿಗಿದ್ದವರು. ತುತೂರಿಗಳಲ್ಲಿ ಹೇಳಿದ್ದನ್ನೇ ಪಾತ್ರೆಗಳಲ್ಲಿ ಮತ್ತೆ ಹೇಳಿದೆಯೆಂದು ಅವರು ಅಂದೇ ಗುರುತಿಸಿದ್ದರು. ಯೋಹಾನನು ಮತ್ತೆ ಮತ್ತೆ ಹೇಳುವುದು, ಇದಾದ ಮೇಲೆ ಇದು ನಡೆಯುತ್ತದೆ ಎಂದಲ್ಲ. ಇದಾದ ಮೇಲೆ ಇದನ್ನು ಕಂಡೆ ಎಂದು. ಆ 'ಮೇಲೆ' ಕಂಡವನ ಕಣ್ಣಿಗೆ ಸೇರಿದ್ದು. ಅದನ್ನು ಪಂಚಾಂಗಕ್ಕೆ ಸೇರಿಸಿದ್ದು ನಾವು.

ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೆನೆಯಿರಿ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ದೇವಸನ್ನಿಧಿ. ಪತ್ರಿಕೆ ಓದುವಂತೆ ಮೇಲಿನಿಂದ ಕೆಳಗೆ ಓದಿದವನಿಗೆ ವೀರನು ಸ್ವರ್ಗದಿಂದಿಳಿದು ಸಾಯಲು ಹೋದಂತೆ ಕಾಣುತ್ತದೆ. ಕಲ್ಲು ಸುಳ್ಳು ಹೇಳಿಲ್ಲ. ಓದುವ ದಿಕ್ಕು ತಪ್ಪಿದೆ. ಅದನ್ನು ಕಡೆಸಿದವರ ಉದ್ದೇಶವೂ ಯುದ್ಧದ ವೇಳಾಪಟ್ಟಿಯಲ್ಲ. ಊರಿಗಾಗಿ ಸತ್ತವನ ಸಾವು ವ್ಯರ್ಥವಲ್ಲವೆಂದು ಉಳಿದವರಿಗೆ ಹೇಳುವುದು. ರೋಮಿನ ಆಳಿಕೆಯಲ್ಲಿ ನೊಂದ ಏಳು ಸಣ್ಣ ಸಭೆಗಳಿಗೆ ಬರೆದ ಪ್ರಕಟನೆಯ ಮಾತೂ ಅದೇ: ಮೃಗದ ಆಳಿಕೆ ಕೊನೆಯ ಪಟ್ಟಿಕೆಯಲ್ಲ.

ಇಷ್ಟಾದರೂ ದಿನ ಎಣಿಸುವ ಚಪಲ ಮನುಷ್ಯನನ್ನು ಬಿಡುವುದಿಲ್ಲ. ಕಾಲಜ್ಞಾನದ ವಚನಗಳನ್ನು ಕೇಳುತ್ತ ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಮೂಢರು ಮಾತ್ರ ಎಣಿಸಿದರೆಂದು ತಿಳಿಯುವುದೂ ತಪ್ಪು. ಜರ್ಮನಿಯ ವ್ಯುರ್ಟೆಂಬರ್ಗ್ ನಾಡಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752) ಮಹಾವಿದ್ವಾಂಸರು. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ 1734ರಲ್ಲಿ ಪರಿಷ್ಕರಿಸಿದವರು. ಎರಡು ಪಾಠಗಳಿದ್ದಲ್ಲಿ ಸುಲಭವಾದುದಕ್ಕಿಂತ ಕಠಿನವಾದುದನ್ನು ಆರಿಸು ಎಂಬ ಸಂಪಾದನೆಯ ಸೂತ್ರವನ್ನು ಕೊಟ್ಟವರು. ಅಂಥವರೇ ಪ್ರಕಟನೆಯ ಸಂಖ್ಯೆಗಳನ್ನು ಗುಣಿಸಿ, ಭಾಗಿಸಿ, 1836ರ ಜೂನ್ 18ರಂದು ಮೃಗದ ಆಳಿಕೆ ಮುಗಿಯುವುದೆಂದು ಲೆಕ್ಕ ಹಾಕಿದರು. ಆ ವರ್ಷ ವಿಶೇಷವೇನೂ ನಡೆಯದೆ ಕಳೆದರೆ ತನ್ನ ಎಣಿಕೆಯ ಬುಡದಲ್ಲಿಯೇ ತಪ್ಪಿರಬೇಕೆಂದೂ ಬರೆದಿಟ್ಟರು. ಅವರ ಕಾಲಾನಂತರ, 1816ರ ಬರಗಾಲದ ಬೆನ್ನಲ್ಲಿ, ಆ ನಾಡಿನ ಎಷ್ಟೋ ಕುಟುಂಬಗಳು ಅಂತ್ಯಕಾಲದ ಆಶ್ರಯವನ್ನರಸಿ ಮನೆಮಠ ಬಿಟ್ಟು ದೂರದ ಕಾಕಸಸ್ ಪ್ರದೇಶಕ್ಕೆ ವಲಸೆ ಹೋದವು.

1836 ಬಂತು, ಹೋಯಿತು. ಅದೇ ವರ್ಷ, ಅದೇ ವ್ಯುರ್ಟೆಂಬರ್ಗಿನ ಇಬ್ಬರು ತರುಣರು ಭಾರತಕ್ಕೆ ಬಂದರು. ಒಬ್ಬರು ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗ್. ಇನ್ನೊಬ್ಬರು ಹರ್ಮನ್ ಗುಂಡರ್ಟ್. ಡಾರ್ಬಿಯವರ ಪ್ಲಿಮತ್ ಬ್ರದರನ್ ಬಳಗದ ಮೊದಲಿಗರಲ್ಲೊಬ್ಬರಾದ ಆಂತೊನಿ ನಾರಿಸ್ ಗ್ರೋವ್ಸ್ ಅವರೊಡನೆ ಬಂದು, ಚಿತ್ತೂರಿನಲ್ಲಿದ್ದು, 1838ರಲ್ಲಿ ಬಾಸೆಲ್ ಮಿಶನ್ನನ್ನು ಸೇರಿದರು. ಈ ಇಬ್ಬರೂ ಬೆಂಗೆಲರ ಲೆಕ್ಕವನ್ನು ನಂಬಿದ್ದರೆಂದು ನಾನು ಹೇಳುತ್ತಿಲ್ಲ. ಆ ಲೆಕ್ಕದ ಗಾಳಿ ಬೀಸಿದ ನಾಡಿನಲ್ಲಿ ಬೆಳೆದವರು ಅವರು. ಕೊನೆಯೆಂದು ಎಣಿಸಿದ್ದ ವರ್ಷದ ಆಚೆಗೆ ಅವರು ಮಾಡಿದ್ದೇನು? ಮೊಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಗುಂಡರ್ಟರು ಮಲಯಾಳಕ್ಕೆ ನಿಘಂಟು ಕೊಟ್ಟರು. ಅದೇ ಮಿಶನ್ನು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅಂತ್ಯದ ನಿರೀಕ್ಷೆಯಲ್ಲಿಯೇ ಬಾಳಿದವರು ತಲೆಮಾರುಗಳು ಬಾಳುವ ಹಂಚು ಸುಟ್ಟರು. ಅವರ ಮತಪ್ರಚಾರವನ್ನು ಒಪ್ಪದವರೂ ಆ ಹಂಚಿನ ಕೆಳಗೆ ಮಳೆಗಾಲ ಕಳೆದಿದ್ದಾರೆ.

ಎರಡು ದಿನಗಳಾದ ಮೇಲೆ ನೆರೆಯವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, "ಹಾಗಾದರೆ ಕ್ರಮವೇ ಇಲ್ಲ ಅಂತೀರಾ?" ಎಂದರು. ಅವರ ದನಿಯಲ್ಲಿ ನೋವಿತ್ತು. ನಂಬಿದವರ ಕೈಯಿಂದ ಊರುಗೋಲು ಕಿತ್ತುಕೊಳ್ಳುವುದು ದೊಡ್ಡ ಕೆಲಸವಲ್ಲ.

"ಇದೆ" ಎಂದೆ. "ಸಾವಿಗಿಂತ ಮುಂದೆ ಜೀವವಿದೆ, ಅನ್ಯಾಯದ ಮುಂದೆ ತೀರ್ಪಿದೆ, ಕಣ್ಣೀರಿನ ಮುಂದೆ ಅದನ್ನೊರಸುವ ಕೈಯಿದೆ. ಈ ಕ್ರಮದಲ್ಲಿ ನಿಮ್ಮ ಎರಡು ಪಟಗಳಿಗೂ ಜಗಳವಿಲ್ಲ. ಜಗಳವಿರುವುದು ನಡುವಿನ ತಾರೀಕುಗಳಲ್ಲಿ. ಆ ದಿನ, ಆ ಗಳಿಗೆ ತನಗೂ ತಿಳಿಯದೆಂದು ಕ್ರಿಸ್ತನೇ ಹೇಳಿರುವುದನ್ನು ಮತ್ತಾಯ, ಮಾರ್ಕ ಇಬ್ಬರೂ ಬರೆದಿದ್ದಾರೆ."

ಆಮೇಲೆ ಅವರ ಬೈಬಲನ್ನೇ ತೆಗೆಸಿ, ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರವನ್ನು ಕೊನೆಯವರೆಗೆ ಓದಲು ಹೇಳಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಅವರ ಪ್ರಶ್ನೆಗೆ ಆ ಪತ್ರದ ಎರಡನೆಯ ಅಧ್ಯಾಯದಲ್ಲಿ ಉತ್ತರದ ಮಾತುಗಳಿವೆ. ಪಟ ಬರೆಯುವವರೆಲ್ಲ ಅಲ್ಲಿಗೆ ನಿಲ್ಲುತ್ತಾರೆ. ಪತ್ರ ನಿಲ್ಲುವುದಿಲ್ಲ. ಪ್ರಭುವಿನ ದಿನ ಬಂದೇಬಿಟ್ಟಿತೆಂಬ ಸುದ್ದಿಗೆ ಕಂಗಾಲಾಗಿದ್ದ ಆ ಊರಿನಲ್ಲಿ ಕೆಲವರು ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದರು. ಮೂರನೆಯ ಅಧ್ಯಾಯ ಅವರಿಗೆ ಖಂಡಿತವಾಗಿ ಹೇಳುತ್ತದೆ: ದುಡಿಯಲೊಲ್ಲದವನಿಗೆ ಊಟವೂ ಬೇಡ, ನೆಮ್ಮದಿಯಿಂದ ನಿಮ್ಮ ಕೆಲಸ ಮಾಡಿ, ನಿಮ್ಮ ಅನ್ನ ಉಣ್ಣಿ.

ಮೂವತ್ತು ವರ್ಷ ಲೇತಿನ ಮುಂದೆ ದುಡಿದವರಿಗೆ ಆ ಮಾತನ್ನು ಯಾರೂ ವ್ಯಾಖ್ಯಾನ ಮಾಡಬೇಕಾಗಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೊಮ್ಮಗಳನ್ನು ಕರೆದು, "ನಾಳೆ ಬ್ಯಾಂಕು ಎಷ್ಟು ಗಂಟೆಗೆ ತೆಗೆಯುತ್ತೆ?" ಎಂದು ಕೇಳಿದರು.

ಎರಡು ಪಟಗಳೂ ಈಗಲೂ ಆ ಗೋಡೆಯ ಮೇಲಿವೆ. ಅವನ್ನು ಇಳಿಸಿ ಎಂದು ನಾನು ಹೇಳಲಿಲ್ಲ, ಅವರೂ ಇಳಿಸಲಿಲ್ಲ. ಹುಡುಗಿ ಬೆಳಗಿನ ಬಸ್ಸಿಗೆ ಹೊರಡುವಾಗ ತಾತ ಬಾಗಿಲವರೆಗೆ ಬಂದು ನಿಲ್ಲುತ್ತಾರೆ.